ಹಳಸಿದ್ದಕ್ಕೂ ಕಮಟಿದ್ದಕ್ಕೂ ಕನ್ನಡ ಹುಡುಕಿದ್ದು

ಆ ಕೆಲಸ ಬಂದದ್ದು ಮಾರ್ಚ್ ತಿಂಗಳಲ್ಲಿ, ಹೊಸನಗರದಲ್ಲಿ ಬೆಳಿಗ್ಗೆ ಮಾಡಿದ ಸಾರು ಸಂಜೆಯೊಳಗೆ ಕೈಕೊಡುವ ಕಾಲದಲ್ಲಿ. ಬೆಂಗಳೂರಿನ ಅನುವಾದ ಸಂಸ್ಥೆಯ ಸಂಯೋಜಕಿ ಫೋನ್ ಮಾಡಿ, ಇದು ನಿಮಗೇ ಹೇಳಿ ಮಾಡಿಸಿದ ಕೆಲಸ ಮೇಡಂ, ಅಡುಗೆಮನೆಯದ್ದು ಎಂದಳು. ಟ್ರ್ಯಾಕ್ಟರಿನ ಕೈಪಿಡಿ ಮಾಡಿಕೊಟ್ಟಾಗ ಅದು ಯಾರಿಗೆ ಹೇಳಿ ಮಾಡಿಸಿದ್ದು ಎಂದು ಅವಳು ಹೇಳಿರಲಿಲ್ಲ. ಇರಲಿ. ಒಪ್ಪಿಕೊಂಡೆ.

ಕೆಲಸ ಇಷ್ಟೇ. ಶಾಲೆ, ಹಾಸ್ಟೆಲುಗಳಲ್ಲಿ ಅಡುಗೆ ಮಾಡುವವರಿಗೆ ಫೋನಿನಲ್ಲಿ ಕೇಳಿಸುವ ಸಣ್ಣ ಸಣ್ಣ ಪಾಠಗಳು. ಆಹಾರ ಯಾವಾಗ ಕೆಟ್ಟಿತು, ಹೇಗೆ ತಿಳಿಯುವುದು, ತಿಳಿದ ಮೇಲೆ ಏನು ಮಾಡುವುದು. ಹೊರದೇಶದ ಒಂದು ಸಂಸ್ಥೆ ಇಂಗ್ಲಿಷಿನಲ್ಲಿ ಬರೆಸಿ, ಹತ್ತಾರು ಭಾಷೆಗಳಿಗೆ ಹಂಚಿತ್ತು. ಮೊದಲು ಪದಪಟ್ಟಿ ಆಗಬೇಕು. ಅದು ಒಪ್ಪಿಗೆಯಾದ ಮೇಲೆ ಆ ಪದಗಳನ್ನೇ ಇಟ್ಟುಕೊಂಡು ಪಾಠ. ಕೆಟ್ಟದ್ದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಮಾತುಗಳಿವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ: ಸ್ಟೇಲ್, ರಾನ್ಸಿಡ್, ಮಸ್ಟಿ, ಸ್ಲೈಮಿ, ರೋಪಿ, ಪ್ಯೂಟ್ರಿಡ್, ಟೇಂಟೆಡ್, ಕೊನೆಗೆ ಎಲ್ಲದಕ್ಕೂ ಸಲ್ಲುವ, ಯಾವುದಕ್ಕೂ ಸಲ್ಲದ, ಬರೀ ಆಫ್.

ಒಂದೇ ಒಂದು ತೊಂದರೆಯಿತ್ತು. ನನಗೆ ವಾಸನೆ ಬರುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಶಿವಮೊಗ್ಗದ ಡಾಕ್ಟರು ವಾಪಸ್ ಬಂದರೂ ಬರಬಹುದು ಎಂದರು. ಆ 'ಬಹುದು'ವನ್ನೇ ನೆಚ್ಚಿಕೊಂಡು ಕೆಲವು ತಿಂಗಳು ದಿನಾ ಬೆಳಿಗ್ಗೆ ಕಾಫಿಪುಡಿಯ ಡಬ್ಬಕ್ಕೆ ಮುಖ ಹಾಕಿ ಕೂತೆ. ಸೀನು ಬಂತು, ಕಾಫಿ ಬರಲಿಲ್ಲ. ನಾನಿರುವುದು ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಒಬ್ಬಳೇ. ಸಂಜೆ ಅಂಗಡಿ ಬಾಗಿಲು ಹಾಕಿದರೆ ಆ ಕಟ್ಟಡದಲ್ಲಿ ನಾನೇ ಮೇಲು, ನಾನೇ ಕೆಳಗು. ಜ್ವರ ಬಿಟ್ಟ ಹೊಸದರಲ್ಲಿ ಒಂದು ದಿನ ಹುರುಳಿಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು ಮಲಗಿದವಳು ಏಳಲಾರದೆ ಹೋದೆ. ಹಾಕಿಸಿಕೊಂಡು ಎಂದೆನಲ್ಲ, ಹಾಕಿಕೊಂಡು ಎನ್ನಬೇಕು. ಸಾರು ಹಳಸಿತ್ತು ಎಂದು ನನ್ನ ಹೊಟ್ಟೆಯಿಂದಲೇ ನನಗೆ ಗೊತ್ತಾದದ್ದು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ನನ್ನನ್ನು ವಿಚಾರಿಸಿಕೊಂಡದ್ದು ಸಂಯೋಜಕಿ ಒಬ್ಬಳೇ, ಫೈಲ್ ಎಲ್ಲಿ ಮೇಡಂ ಎಂದು.

ಮೂಗಿನ ವಿಷಯ ಅವಳಿಗೆ ಹೇಳಿರಲಿಲ್ಲ. ಟ್ರ್ಯಾಕ್ಟರಿಗೆ ಮೂಗು ಬೇಕಾಗಿರಲಿಲ್ಲ. ಈ ಕೆಲಸಕ್ಕೆ ಮೂಗೇ ಬಂಡವಾಳ. ಈಗ ಹೇಳಿದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ಹೋಗಲಿ ಎನ್ನೋಣವೆಂದರೆ, ದಿನಕ್ಕೊಂದು ಸಲ ಮೇಡಂ ಎಂದು ನನ್ನನ್ನು ಮಾತಾಡಿಸುವ ದನಿ ಇದ್ದದ್ದು ಅದೊಂದೇ. ಅದನ್ನು ಕಳೆದುಕೊಳ್ಳಲು ನನಗೆ ಹೆದರಿಕೆಯಾಗಿತ್ತು. ಪದಗಳು ತಲೆಯಲ್ಲಿವೆ, ಮೂಗಿನಲ್ಲಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕೂತೆ.

ಎಲ್ಲ ಭಾಷೆಯವರೂ ಒಂದೇ ಆನ್‌ಲೈನ್ ಶೀಟಿನಲ್ಲಿ ಕೆಲಸ ಮಾಡುತ್ತಿದ್ದೆವು. ಎಡಕ್ಕೆ ಇಂಗ್ಲಿಷು, ಆಮೇಲೆ ಕೆಲಸ ಒಪ್ಪಿಕೊಂಡ ಕ್ರಮದಲ್ಲಿ ಒಂದೊಂದು ಭಾಷೆಗೆ ಒಂದೊಂದು ಕಾಲಂ. ನನ್ನ ಪಕ್ಕದ ಕಾಲಂ ಸ್ಲೊವೇನಿಯನ್ ಭಾಷೆಯದು. ಸ್ಲೊವೇನಿಯಾ ಎಲ್ಲಿದೆ ಎಂದು ಭೂಪಟ ತೆಗೆದು ನೋಡಿದೆ. ಇಟಲಿಯ ಪಕ್ಕದಲ್ಲಿ ನಮ್ಮ ಮೂರ್ನಾಲ್ಕು ಜಿಲ್ಲೆಯಷ್ಟಿತ್ತು. ಆ ಕಾಲಮ್ಮಿನವರು ಕೆಲಸಕ್ಕೆ ಕೂತರೆ ಒಂದು ಹಸಿರು ಚೌಕ ಶೀಟಿನ ಮೇಲೆ ಓಡಾಡುತ್ತಿತ್ತು. ಹೆಂಗಸೋ ಗಂಡಸೋ, ವಯಸ್ಸೆಷ್ಟೋ ತಿಳಿಯದು. ನನಗೆ ಮಧ್ಯಾಹ್ನ ಊಟವಾಗುವ ಹೊತ್ತಿಗೆ ಅವರಿಗೆ ಬೆಳಗಾಗುತ್ತಿತ್ತು. ಆ ಚೌಕ ಕಾಣಿಸಿದರೆ ಪಕ್ಕದ ಮನೆಯಲ್ಲಿ ದೀಪ ಹಾಕಿದಷ್ಟು ಧೈರ್ಯವಾಗುತ್ತಿತ್ತು.

ನಿಯಮ ಕಟ್ಟುನಿಟ್ಟು. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದೇ ಪದ. ಕನ್ನಡದ ಒಂದು ಪದವನ್ನು ಇಂಗ್ಲಿಷಿನ ಎರಡಕ್ಕೆ ಬಳಸುವಂತಿಲ್ಲ. ನಿಘಂಟು ತೆಗೆದರೆ ಐದು ಪದಕ್ಕೆ 'ಕೆಟ್ಟ', ಮಿಕ್ಕಿದ್ದಕ್ಕೆ 'ಕೊಳೆತ' ಎಂದು ಬರೆದು ಕೈತೊಳೆದುಕೊಂಡಿತ್ತು. ನಾನು ಅದನ್ನು ಮುಚ್ಚಿಟ್ಟು ಅಮ್ಮನ ಬಾಯಿಂದ ಕೇಳಿದ್ದನ್ನು ನೆನಪು ಮಾಡಿಕೊಂಡು ಬರೆಯುತ್ತಾ ಹೋದೆ. ಅನ್ನ ಸಾರು ಹಳಸುತ್ತದೆ. ಎಣ್ಣೆ, ಕೊಬ್ಬರಿ ಕಮಟು ಬರುತ್ತದೆ. ಅಕ್ಕಿ ಬೇಳೆ ಮುಗ್ಗುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಹಾಲು ಒಡೆಯುತ್ತದೆ. ಅಯ್ಯೋ, ಇಷ್ಟು ಸುಲಭವೇ ಎನ್ನಿಸಿತು.

ಸ್ಟೇಲ್ ಎಂಬಲ್ಲಿ ಗಾಡಿ ನಿಂತಿತು. ತಂಗಳು ಎಂದು ಬರೆದು, ಅಳಿಸಿದೆ. ತಂಗಳನ್ನಕ್ಕೆ ಮೊಸರು ಹಾಕಿ ಕಲಸಿಕೊಂಡು ಉಂಡೇ ಇಷ್ಟೆತ್ತರ ಬೆಳೆದವಳು ನಾನು. ಅದನ್ನು ಕೆಟ್ಟದ್ದರ ಪಟ್ಟಿಗೆ ಸೇರಿಸಿದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ಇದನ್ನೇ ಸೌಮ್ಯವಾಗಿ ಇಂಗ್ಲಿಷಿನಲ್ಲಿ ಟಿಪ್ಪಣಿ ಹಾಕಿದೆ. ಮಾರನೆಯ ದಿನ ಹಸಿರು ಚೌಕದವರು ಅದರ ಕೆಳಗೆ ಬರೆದಿದ್ದರು: ನಮ್ಮಲ್ಲೂ ನಿನ್ನೆಯ ಬ್ರೆಡ್ಡು ಕೆಟ್ಟದ್ದಲ್ಲ, ಅದನ್ನು ನೆನೆಸಿ ಉಂಡೆ ಕಟ್ಟಿ ಬೇಯಿಸುತ್ತೇವೆ. ಈ ಎರಡು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಉಂಡೆಗೆ ಏನು ಹಾಕುತ್ತೀರಿ ಎಂದು ಕೇಳಬೇಕೆನಿಸಿತು. ಅದು ಹರಟೆಯ ಜಾಗವಲ್ಲ, ಸುಮ್ಮನಾದೆ.

ಕನ್ನಡದ ಪರಿಶೀಲಕರು ಹಳೇ ಮೈಸೂರಿನವರು. ಕಮಟು ಎಂದರೆ ಅವರಿಗೆ ಅರ್ಥವಾಗಲಿಲ್ಲವಂತೆ, 'ಹಾಳಾದ ಎಣ್ಣೆ' ಸಾಕಂತೆ. ಮುಗ್ಗು ಎಂಬುದಕ್ಕೂ ಕೆಂಪು ಗೆರೆ. ಕಮಟು ಅಂದರೆ ಹೇಗಿರುತ್ತದೆ, ಒಂದು ವಾಕ್ಯದಲ್ಲಿ ವಿವರಿಸಿ ಎಂದು ಕೇಳಿದ್ದರು. ಸಿಟ್ಟು ನೆತ್ತಿಗೇರಿತು. ವಿವರಿಸೋಣ ಎಂದು ಕೂತರೆ ಸಿಟ್ಟು ಇಳಿದು ಹೋಯಿತು. ಎಣ್ಣೆಯ ಡಬ್ಬ ಕಣ್ಣಿಗೆ ಕಂಡಿತು, ಅದರ ಬಾಯಿಗೆ ಕಟ್ಟಿದ ಬಟ್ಟೆ ಕಂಡಿತು, ಮುಖ ಸಿಂಡರಿಸಿದ ಅಮ್ಮ ಕಂಡಳು. ವಾಸನೆ ಮಾತ್ರ ಬರಲಿಲ್ಲ. ಮೂಗು ಹೋದದ್ದು ಗೊತ್ತಿತ್ತು. ಒಳಗಿನ ನೆನಪೂ ಹೋಗುತ್ತಿದೆ ಎಂದು ಗೊತ್ತಾದದ್ದು ಆವತ್ತು. ಅಳು ಬಂತು, ಅತ್ತೆ.

ಮೂಗಿದ್ದವರನ್ನೇ ಕೇಳುವುದು ಎಂದು ತೀರ್ಮಾನ ಮಾಡಿದೆ. ಬರೀ ಮಾತಿನಲ್ಲಿ ಕೇಳಿದರೆ ಆಗದು, ವಸ್ತುವನ್ನೇ ಮುಂದಿಟ್ಟು ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಬೇಕು. ಸ್ಟೀಲಿನ ಸಣ್ಣ ಡಬ್ಬಗಳನ್ನು ಹೊಂದಿಸಿ ಒಂದರಲ್ಲಿ ಅನ್ನ, ಒಂದರಲ್ಲಿ ತುರಿದ ಕಾಯಿ, ಒಂದರಲ್ಲಿ ಹಳೇ ಶೇಂಗಾ ಎಣ್ಣೆ, ಒಂದರಲ್ಲಿ ನೀರು ಚಿಮುಕಿಸಿದ ಬೇಳೆ, ಒಂದರಲ್ಲಿ ಬ್ರೆಡ್ಡು ಇಟ್ಟು ಬಿಸಿಲಿಗೆ ಬಿಟ್ಟೆ. ಊರವರೆಲ್ಲ ಕೆಡದಿರಲಿ ಎಂದು ಒದ್ದಾಡುವಾಗ ನಾನೊಬ್ಬಳು ಕೆಡಲಿ ಎಂದು ಕಾಯುತ್ತಾ ಕೂತಿದ್ದೆ. ಬ್ರೆಡ್ಡಿನ ಬೂಷ್ಟು ಕಣ್ಣಿಗೆ ಕಂಡಿತು. ಅನ್ನವನ್ನು ಬೆರಳಲ್ಲಿ ಒತ್ತಿದರೆ ಲೋಳೆಯಾಗಿ ಸಣ್ಣಗೆ ನೂಲು ಬಂತು. ಎಣ್ಣೆಯದು, ಬೇಳೆಯದು ದೇವರಿಗೇ ಗೊತ್ತು.

ಸಾಗರದ ಒಂದು ಹಾಸ್ಟೆಲಿನಲ್ಲಿ ಅಡುಗೆಯವರನ್ನು ಕಾಣಲು ಒಪ್ಪಿಗೆ ಸಿಕ್ಕಿತು. ಡಬ್ಬಗಳನ್ನೆಲ್ಲ ಬ್ಯಾಗಿಗೆ ತುಂಬಿ ಬಸ್ಸು ಹತ್ತಿದೆ. ಬಸ್ಸು ಕಿಕ್ಕಿರಿದಿತ್ತು, ಆದರೂ ನನ್ನ ಪಕ್ಕದ ಸೀಟಿನಲ್ಲಿ ಕೂತವರು ಒಬ್ಬರಾದ ಮೇಲೊಬ್ಬರು ಎದ್ದು ಹೋದರು. ಮುಂದಿನ ಸೀಟಿನವರೂ ಎದ್ದು ನಿಂತರು. ಪಾಪ, ಇಳಿಯುವವರು ಎಂದುಕೊಂಡು ನಾನು ಕಾಲು ಚಾಚಿ ಆರಾಮಾಗಿ ಕೂತೆ. ಕೊನೆಗೆ ಕಂಡಕ್ಟರು ಕರ್ಚೀಫು ಮೂಗಿಗೆ ಒತ್ತಿಕೊಂಡು ಬಂದು, "ಅಮ್ಮಾ, ಬ್ಯಾಗಲ್ಲಿ ಎಂತ ಸತ್ತಿದೆ?" ಎಂದು ಕೇಳಿದರು.

ಅನ್ನದ ಡಬ್ಬದ ಮುಚ್ಚಳ ಬಿಚ್ಚಿಕೊಂಡಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಮುಚ್ಚಳ ಒತ್ತಿ, ಬ್ಯಾಗಿನ ಬಾಯಿ ಬಿಗಿದು, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ನಿಮಗೆ ಇಷ್ಟು ಹೊತ್ತು ಗೊತ್ತೇ ಆಗಲಿಲ್ಲವಾ ಎಂದು ಹಿಂದಿನಿಂದ ಯಾರೋ ಹೆಂಗಸು ಕೇಳಿದಳು. ನೆಗಡಿ ಎಂದೆ. ಸಾಗರ ಬರುವವರೆಗೂ ಆ ಸೀಟು ಖಾಲಿಯೇ ಉಳಿಯಿತು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಮಾತ್ರ ನನ್ನ ಡಬ್ಬಗಳಿಗೆ ರಾಜಮರ್ಯಾದೆ ಸಿಕ್ಕಿತು. ಮುಖ್ಯ ಅಡುಗೆಯವರು ಒಂದೊಂದನ್ನೂ ತೋಳು ಚಾಚಿ ದೂರ ಹಿಡಿದು ತೆಗೆದು, ಇದು ಕಮಟು, ಇದು ಮುಗ್ಗು ಎಂದು ಪಟಪಟನೆ ಹೇಳಿದರು. ಕಾಯಿಯ ವಿಷಯಕ್ಕೆ ಅವರಿಗೂ ಸಹಾಯಕರಿಗೂ ಜಗಳವೇ ಆಯಿತು. ಒಬ್ಬರು ಹಳಸಿದೆ ಎಂದರೆ ಇನ್ನೊಬ್ಬರು ಹುಳಿ ಬಂದಿದೆ ಎಂದರು, ಪಾತ್ರೆ ತೊಳೆಯುತ್ತಿದ್ದವರು ಎರಡೂ ಅಲ್ಲ ಎಂದರು. ನಿಮಗೆ ಹೇಗನಿಸುತ್ತದೆ ಮೇಡಂ ಎಂದು ನನ್ನನ್ನೇ ಪಂಚಾಯ್ತಿಗೆ ಕರೆದರು. ನಾನು ಕೊನೆಯಲ್ಲಿ ಮಾತಾಡಿದವರ ಕಡೆಗೆ ತಲೆಯಾಡಿಸಿದೆ. ಕಮಟು, ಮುಗ್ಗು ಎಂದು ಅವರು ಹೇಳಿದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಪರಿಶೀಲಕರಿಗೆ ಕಳಿಸಿದೆ. ದನಿ ಕೇಳಿದ ಮೇಲೆ ಅವರು ತಕರಾರು ತೆಗೆಯಲಿಲ್ಲ. ಪದಪಟ್ಟಿ ಪಾಸಾಯಿತು.

ಆಮೇಲೆ ಪಾಠಗಳು. ಮೊದಲ ಪಾಠದ ಮೊದಲ ವಾಕ್ಯ: ಬಡಿಸುವ ಮೊದಲು ಅಡುಗೆಯನ್ನು ಮೂಸಿ ನೋಡಿ. ಇದರಲ್ಲೇನು ಕಷ್ಟ, ಇದ್ದದ್ದನ್ನು ಇದ್ದಂತೆ ಕನ್ನಡ ಮಾಡಿದೆ. ಮುಂದಿನ ಪಾಠಗಳೆಲ್ಲ ಆ ವಾಕ್ಯದ ಮೇಲೆಯೇ ನಿಂತಿದ್ದವು. ಸಂಯೋಜಕಿ, ಅದನ್ನು ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಒಂದು ಶಾಲೆಯ ಅಡುಗೆಯವರಿಗೆ ಕೇಳಿಸಿ, ಅವರು ಏನನ್ನುತ್ತಾರೆ ಬರೆದು ಕಳಿಸಿ ಎಂದಳು. ಪರಿಚಯದವರೊಬ್ಬರ ಮೂಲಕ ಅರಳಸುರಳಿಯ ಆಚೆಗೆ ಒಂದು ಪುಟ್ಟ ಶಾಲೆ ಗೊತ್ತಾಯಿತು. ತೀರ್ಥಹಳ್ಳಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಈ ಸಲ ಡಬ್ಬ ಒಯ್ಯಲಿಲ್ಲ.

ಶಾಲೆಯಲ್ಲಿ ಅಡುಗೆಯವರು ಇಬ್ಬರು. ದೊಡ್ಡವರು ಹೆಚ್ಚು ಕಡಿಮೆ ನನ್ನ ವಯಸ್ಸಿನವರು, ಮಾತು ಕಡಿಮೆ, ನೋಟ ಹರಿತ. ಚಿಕ್ಕವಳು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಹಂಡೆಯಲ್ಲಿ ಅನ್ನ ಆಗಿತ್ತು, ಸಾಂಬಾರು ಕುದಿದು ಇಳಿದಿತ್ತು. ನಾನು ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಪಾಠ ಹಾಕಿದೆ. ಬಡಿಸುವ ಮೊದಲು ಅಡುಗೆಯನ್ನು ಮೂಸಿ ನೋಡಿ ಎಂದು ನನ್ನ ದನಿ ಹೇಳಿತೋ ಇಲ್ಲವೋ, ಚಿಕ್ಕವಳು ಬಾಯಿಗೆ ಸೆರಗು ಮುಚ್ಚಿ ನಕ್ಕಳು. ದೊಡ್ಡವರು ನಗಲಿಲ್ಲ.

"ಉಣ್ಣ ಅನ್ನನ ಮೂಸದಾ ಮೇಡಂ? ಮಕ್ಕಳು ಕೈ ಮುಗ್ದು ಕೂರ್ತವೆ. ಅವಕ್ಕಿಂತ ಮುಂಚೆ ನಾವು ಮೂಸಿದ್ರೆ ಎಂಜಲು ಬಡಿಸ್ದಂಗೆ ಆಗಲ್ವಾ?"

ನನ್ನ ತಲೆಗೆ ಯಾರೋ ಮೊಟಕಿದ ಹಾಗಾಯಿತು. ಹೌದಲ್ಲ. ದೇವರಿಗೆ ಇಡುವುದನ್ನು ಮೂಸಬಾರದು, ಬಡಿಸಿದ್ದನ್ನು ಮೂಸಬಾರದು. ಚಿಕ್ಕಂದಿನಲ್ಲಿ ತಟ್ಟೆಗೆ ಮೂಗು ತಂದರೆ ಅಮ್ಮ ಬೆನ್ನಿಗೆ ಗುದ್ದುತ್ತಿದ್ದಳು. ಇದನ್ನೆಲ್ಲ ತಿಂದು ಬೆಳೆದವಳು ಆ ಇಂಗ್ಲಿಷ್ ವಾಕ್ಯವನ್ನು ಕಣ್ಣು ಮುಚ್ಚಿ ಕನ್ನಡ ಮಾಡಿದ್ದೆ. ಹಾಗಾದರೆ ಕೆಟ್ಟದ್ದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ನೋಡಿ, ಮುಟ್ಟಿ ಎಂದರು. ಅನ್ನವಾದರೆ ಒತ್ತಿ ನೋಡುತ್ತಾರೆ, ಸಾರಾದರೆ ಅಂಚಿನ ನೊರೆ ನೋಡುತ್ತಾರೆ. ಅದಕ್ಕೂ ಮೀರಿದರೆ ರುಚಿ ನೋಡಲು ಮೇಷ್ಟ್ರಿದ್ದಾರೆ, ಮೊದಲ ತಟ್ಟೆ ಅವರದು. ಎಣ್ಣೆ ಕಮಟಾಗಿದ್ದರೆ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಅದು ಗೊತ್ತಾಗಲ್ಲ, ಒಂದೆರಡು ಸಲ ಹಂಗೇ ಹೋಗಿದೆ ಎಂದರು.

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಮಕ್ಕಳು ತಟ್ಟೆ ಬಡಿಯುತ್ತಾ ಜಗಲಿಯಲ್ಲಿ ಸಾಲಿಗೆ ಕೂತವು. ಸಾಂಬಾರಿನ ಮುಚ್ಚಳ ತೆಗೆದ ದೊಡ್ಡವರು ಸೌಟು ಹಾಕಿ ತಿರುವಿ, ಅಂಚನ್ನೇ ನೋಡುತ್ತಾ ನಿಂತರು. ಸುತ್ತ ಬಿಳಿ ನೊರೆ ಕಟ್ಟಿತ್ತು. ತಿರುವಿದರೆ ಒಡೆದು, ಮತ್ತೆ ಕಟ್ಟುತ್ತಿತ್ತು. ಕಾಯಿ ಯಾವಾಗ ರುಬ್ಬಿದ್ದು ಎಂದು ಚಿಕ್ಕವಳನ್ನು ಕೇಳಿದರು. ಅವಳ ಮುಖದ ನಗು ಹೋಯಿತು. ಬೆಳಿಗ್ಗೆ ಕರೆಂಟು ಇರುವುದಿಲ್ಲವೆಂದು ಹಿಂದಿನ ಸಂಜೆಯೇ ಮನೆಯಲ್ಲಿ ರುಬ್ಬಿ, ಮುಚ್ಚಿಟ್ಟು, ತಂದು ಹಾಕಿದ್ದಳು. ಆ ಸೆಕೆಯಲ್ಲಿ.

ನೊರೆ ಬೇಳೆಯದೂ ಇರಬಹುದು, ಕಾಯಿಯದೂ ಇರಬಹುದು. ಕುದಿದ ಸಾಂಬಾರಿಗೆ ಕೈ ಹಾಕಿ ನೋಡುವಂತಿಲ್ಲ. ರುಚಿ ನೋಡುವ ಮೇಷ್ಟ್ರು ಆವತ್ತು ಮೀಟಿಂಗಿಗೆಂದು ತೀರ್ಥಹಳ್ಳಿಗೆ ಹೋಗಿದ್ದರು. ಉಳಿದ ಟೀಚರಿಗೆ ಸೋಮವಾರದ ಉಪವಾಸ. ಚೆಲ್ಲಿದರೆ ಮಕ್ಕಳಿಗೆ ಬರೀ ಅನ್ನ, ಮೇಲೆ ನಾಳೆ ಎಲ್ಲರಿಗೂ ಜವಾಬು ಕೊಡಬೇಕು. ಬಡಿಸಿದರೆ ಏನಾದರೂ ಆಗಬಹುದು. ದೊಡ್ಡವರು ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ನೀವೇ ಒಂದ್ಸಲ ಮೂಸಿ ಹೇಳಿ ಮೇಡಂ. ನೀವು ಉಣ್ಣೋರೂ ಅಲ್ಲ, ಬಡ್ಸೋರೂ ಅಲ್ಲ, ನಿಮಗೆ ದೋಷ ಇಲ್ಲ. ಅದನ್ನೇ ಕಲ್ತೋರು ಬೇರೆ."

ಬಗ್ಗಿದೆ. ಮುಖಕ್ಕೆ ಬಿಸಿ ಆವಿ ಹೊಡೆಯಿತು. ಕನ್ನಡಕ ಮಂಜಾಯಿತು. ಉಸಿರು ಎಳೆದೆ, ಇನ್ನೊಂದು ಸಲ ಎಳೆದೆ. ಏನೂ ಇಲ್ಲ. ಖಾಲಿ ಕೋಣೆಯ ಬಾಗಿಲು ತೆಗೆದ ಹಾಗೆ, ಏನೇನೂ ಇಲ್ಲ. ಚೆನ್ನಾಗಿದೆ ಎನ್ನುವ ಮಾತು ಬಾಯಿಗೆ ಬಂದಿತ್ತು. ಎರಡು ವರ್ಷದಿಂದ ಎಲ್ಲರೆದುರು ಹಾಗೇ ಹೇಳಿಕೊಂಡು ಬಂದಿದ್ದೆ, ಯಾರ ಮನೆಯ ಕಾಫಿಗೂ ಘಮ್ಮೆಂದಿದೆ ಎಂದಿದ್ದೆ, ಸಾಗರದಲ್ಲಿ ತಲೆಯಾಡಿಸಿ ಬಂದಿದ್ದೆ. ಹೊರಗೆ ಒಂದು ಮಗು ತಟ್ಟೆ ಬಡಿಯುತ್ತಲೇ ಇತ್ತು. ಇವರಿಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಹೂಂ ಎಂದರೆ ಆ ಸೌಟು ಹೊರಗೆ ಹೋಗುತ್ತದೆ ಎಂದು ನನಗೆ ಆಗ ಚೆನ್ನಾಗಿ ತಿಳಿಯಿತು.

"ನನಗೆ ವಾಸನೆ ಬರೋದಿಲ್ಲ," ಎಂದೆ. "ಜ್ವರ ಬಂದಾಗಿಂದ ಹೋಗಿದೆ. ನನ್ನ ನಂಬಬೇಡಿ."

ಅದುವರೆಗೆ ಆ ಮಾತನ್ನು ಡಾಕ್ಟರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಚಿಕ್ಕವಳು ಬಾಯಿ ತೆರೆದುಕೊಂಡು ನಿಂತಳು. ಮೂಗಿಲ್ಲದೆ ಮೂಸುವ ಪಾಠ ಹೇಳಲು ಬಂದಿದ್ದೀರಾ ಎಂದು ಅವರು ಕೇಳಬಹುದಿತ್ತು. ದೊಡ್ಡವರು ಒಂದು ಲೋಟಕ್ಕೆ ಅರ್ಧ ಸೌಟು ಸಾಂಬಾರು ಹಾಕಿಕೊಂಡು, ಹಿತ್ತಲ ಬಾಗಿಲು ದಾಟಿ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಹೋದರು. ಲೋಟವನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹಿಡಿದು ಆರಿಸಿದರು. ಆಮೇಲೆ ಮೂಗಿನ ಹತ್ತಿರ ತಂದು ಮೂಸಿದರು. ಒಳಗೆ ನಿಂತಿದ್ದ ನನಗೆ, ಪಾತ್ರೆಯಿಂದ ತೆಗೆದು ಹೊಸ್ತಿಲು ದಾಟಿಸಿದ ಮೇಲೆ ಅದು ಬಡಿಸುವ ಅಡುಗೆಯಲ್ಲ, ಬರೀ ಲೋಟದ ಸಾಂಬಾರು, ಅದನ್ನು ಮೂಸಿದರೆ ಯಾರ ಎಂಜಲೂ ಆಗುವುದಿಲ್ಲ ಎಂದು ಹೊಳೆಯಿತು. ಹೀಗೂ ಮಾಡಬಹುದೆಂದು ಅವರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲವಂತೆ, ಆಮೇಲೆ ಹೇಳಿದರು.

ಲೋಟವನ್ನು ಕಲ್ಲಿನ ಮೇಲೆ ಚೆಲ್ಲಿ ಒಳಗೆ ಬಂದು, ಹುಳಿ ಬಂದಿ‌ದೆ, ಚೆಲ್ಲನ ಬಾ ಎಂದರು ಚಿಕ್ಕವಳಿಗೆ. ಇಬ್ಬರೂ ಸೇರಿ ಪಾತ್ರೆಯನ್ನು ಹೊರಗೆ ಹೊತ್ತುಕೊಂಡು ಹೋದರು. ಪಕ್ಕದ ಮನೆಯಿಂದ ಮಜ್ಜಿಗೆ ಬಂತು, ಅದಕ್ಕೊಂದು ಒಗ್ಗರಣೆ ಬಿತ್ತು, ಮಿಡಿ ಉಪ್ಪಿನಕಾಯಿ ಬಂತು. ಮಕ್ಕಳು ಸಾಂಬಾರಿಗಿಂತ ಇದೇ ಚೆನ್ನಾಗಿದೆ ಎನ್ನುವಂತೆ ಸುರಿದುಕೊಂಡು ಉಂಡವು. ಚಿಕ್ಕವಳು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ನಾನೂ ಕೂತಿದ್ದೆ, ಇಬ್ಬರದೂ ಒಂದೇ ಸ್ಥಿತಿ.

ಎಲ್ಲ ಮುಗಿದ ಮೇಲೆ ದೊಡ್ಡವರು ನನಗೊಂದು ತಟ್ಟೆ ಹಾಕಿದರು. ಹಾಕಿ, ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಮನೇಲಿ ನಿಮಗೆ ಯಾರು ನೋಡಿ ಹೇಳ್ತಾರೆ ಅಕ್ಕಾ, ಕೆಟ್ಟಿದೆ ಅಂತ?"

"ಯಾರೂ ಇಲ್ಲ."

ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಮಜ್ಜಿಗೆಯನ್ನು ಒಂದು ಲೋಟಕ್ಕೆ ಹಾಕಿಕೊಂಡು ಮತ್ತೆ ಹಿತ್ತಲಿಗೆ ಹೋದರು. ಅದು ಚೆನ್ನಾಗಿದೆ ಎಂದು ಅಷ್ಟು ಮಕ್ಕಳು ಉಂಡು ಸಾಬೀತು ಮಾಡಿದ್ದರು. ಆದರೂ ಹೋದರು, ಮೂಸಿದರು, ಬಂದು ತಟ್ಟೆಯನ್ನು ನನ್ನ ಕೈಗಿತ್ತರು.

"ಸರಿ ಇದೆ. ಉಣ್ಣಿ."

ತುತ್ತು ಇಳಿಯಲು ತುಂಬಾ ಹೊತ್ತು ಬೇಕಾಯಿತು. ಅವರು ನಾನು ಉಣ್ಣುವುದನ್ನು ನೋಡದೆ ಹಂಡೆ ಉಜ್ಜಲು ಕೂತರು, ಅದೊಂದು ದೊಡ್ಡ ಉಪಕಾರವಾಯಿತು.

ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಾ ಸಂಯೋಜಕಿಗೆ ಫೋನ್ ಮಾಡಿದೆ. ಮೊದಲು ಮೂಗಿನ ವಿಷಯ ಹೇಳಿದೆ, ಆಮೇಲೆ ಸಾಂಬಾರಿನದು. ಅವಳು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಿದ್ದರೆ ಕೆಲಸ ಕೊಡುತ್ತಿದ್ದೆಯಾ ಎಂದು ನಾನೂ ಕೇಳಿದೆ. ಇಲ್ಲ ಎಂದಳು, ಸುಳ್ಳು ಹೇಳಲಿಲ್ಲ. ಮುಂದಿನದನ್ನು ಆಮೇಲೆ ಹೇಳುತ್ತೇನೆ ಎಂದು ಇಟ್ಟಳು. ಹೋಯಿತು, ಇಲ್ಲಿಗೆ ಇದೂ ಮುಗಿಯಿತು ಎಂದುಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಒಬ್ಬರು ಬಂದು ಕೂತು ಭುಜಕ್ಕೆ ತಲೆ ತಾಗಿಸಿ ನಿದ್ದೆ ಹೋದರು. ನಾನು ಅಲುಗಾಡದೆ ಕೂತೆ.

ಮಾರನೆಯ ದಿನ ಫೋನ್ ಬಂತು. ಕೆಲಸ ನನ್ನ ಕೈಯಲ್ಲೇ ಇರುತ್ತದೆ, ಆದರೆ ಎರಡು ಷರತ್ತು. ವಾಸನೆಯ ಪ್ರತಿಯೊಂದು ಪದಕ್ಕೂ ಅಡುಗೆಯವರ ದನಿ ಸಾಕ್ಷಿಯಾಗಿ ಬೇಕು. ಪಾಠದ ಮೊದಲ ವಾಕ್ಯ ಏನಾಗಬೇಕೆಂದು ನಾನೇ ಬರೆದು ಕೊಡಬೇಕು, ಮೂಲದವರನ್ನು ಅವಳು ಒಪ್ಪಿಸುತ್ತಾಳೆ. ಮತ್ತೆ ಸಾಗರಕ್ಕೆ ಹೋಗಿ, ಕಾಯಿಯ ಜಗಳವನ್ನು ಈ ಸಲ ಪೂರ್ತಿ ಕೇಳಿಸಿಕೊಂಡು, ನನಗೆ ತಿಳಿಯುವುದಿಲ್ಲ, ನೀವೇ ತೀರ್ಮಾನ ಮಾಡಿ ಎಂದೆ. ಆಮೇಲೆ ಕೂತು ಬರೆದೆ. ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಮೂಗು. ಮೂಗಿನ ವಾಕ್ಯ ಹೀಗಾಯಿತು: ಅನುಮಾನ ಬಂದರೆ ಅರ್ಧ ಸೌಟು ಬೇರೆ ಲೋಟಕ್ಕೆ ಹಾಕಿಕೊಂಡು, ಅಡುಗೆಮನೆಯಿಂದ ಹೊರಗೆ ತಂದು, ಆರಿಸಿ ಮೂಸಿ. ನಿಮಗೆ ಗೊತ್ತಾಗದಿದ್ದರೆ ಪಕ್ಕದಲ್ಲಿರುವವರಿಗೆ ಕೊಟ್ಟು ಕೇಳಿ.

ಇದು ಮೂಲದಲ್ಲಿಲ್ಲ ಎಂದು ಮೂಲದವರು ಸ್ವಲ್ಪ ದಿನ ಎಳೆದಾಡಿದರು. ಸಾಂಬಾರಿನ ಕಥೆಯನ್ನು ಸಂಯೋಜಕಿ ಎಷ್ಟು ಉಪ್ಪು ಖಾರ ಹಚ್ಚಿ ಹೇಳಿದಳೋ, ಕೊನೆಗೆ ಒಪ್ಪಿದ್ದಷ್ಟೇ ಅಲ್ಲ, ಅದನ್ನು ಇಂಗ್ಲಿಷಿಗೆ ಮಾಡಿಸಿಕೊಂಡು ಎಲ್ಲ ಭಾಷೆಯವರಿಗೂ ಹೊಸ ಸಾಲಾಗಿ ಸೇರಿಸಿದರು. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಇನ್ನೆಲ್ಲೆಲ್ಲಿಗೋ ಹೊರಟಿತು. ಶೀಟು ತೆಗೆದು ನೋಡಿದರೆ ಒಂದೊಂದೇ ಕಾಲಮ್ಮಿನಲ್ಲಿ ಆ ಸಾಲು ತುಂಬುತ್ತಿತ್ತು. ನನಗೆ ತಿಳಿಯದ ಲಿಪಿಗಳಲ್ಲಿ ಅರಳಸುರಳಿಯ ಲೋಟ ಹೊಸ್ತಿಲು ದಾಟುತ್ತಿತ್ತು. ಹೆಮ್ಮೆಯಾಯಿತು, ಸುಳ್ಳೇಕೆ.

ಸ್ಲೊವೇನಿಯನ್ ಕಾಲಂ ಮಾತ್ರ ತುಂಬಲಿಲ್ಲ. ಹಸಿರು ಚೌಕ ಬಂದು ಆ ಸಾಲಿನ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ನಾನು ಕಾಫಿ ಮಾಡಿಕೊಂಡು ಬಂದು ನೋಡಿದರೂ ಅಲ್ಲೇ ಇತ್ತು. ಆಮೇಲೆ ಪಕ್ಕದಲ್ಲಿ ಒಂದು ಟಿಪ್ಪಣಿ ಮೂಡಿತು: ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ?

ಕೇಳಿದ್ದು ಒಬ್ಬರೇ ಅಡುಗೆಯವರಿರುವ ಶಾಲೆಗಳ ಬಗ್ಗೆ ಇದ್ದೀತು. ಅಥವಾ ಅದರ ಬಗ್ಗೆ ಅಲ್ಲವೇನೋ. ನನಗೆ ತಿಳಿಯುವ ದಾರಿಯಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಸಂಯೋಜಕಿ ಅದನ್ನು ನನಗೇ ದಾಟಿಸಿ, ನಿಮ್ಮ ವಾಕ್ಯ, ನೀವೇ ಉತ್ತರ ಕೊಡಿ ಎಂದಳು. ಮೇಲಧಿಕಾರಿಗಳನ್ನು ಸಂಪರ್ಕಿಸಿ ಎಂದು ಬರೆದೆ, ಅಳಿಸಿದೆ. ಸೂಕ್ತ ಕ್ರಮ ಕೈಗೊಳ್ಳಿ ಎಂದು ಬರೆದು ನನ್ನ ಮೇಲೆ ನನಗೇ ಅಸಹ್ಯವಾಗಿ ಅದನ್ನೂ ಅಳಿಸಿದೆ. ಕೊನೆಗೆ ನನಗೆ ಗೊತ್ತಿದ್ದದ್ದನ್ನು ಬರೆದೆ, ಕೆಳಗೆ ಇಂಗ್ಲಿಷನ್ನೂ ಹಾಕಿದೆ: ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಚೆಲ್ಲಿಬಿಡಿ.

ಸ್ವಲ್ಪ ಹೊತ್ತಿಗೆ ಹಸಿರು ಚೌಕ ಅಲುಗಿತು. ಪಕ್ಕದ ಕಾಲಮ್ಮಿನಲ್ಲಿ ಎರಡು ಸಾಲೂ ತುಂಬಿದವು. ಟಿಪ್ಪಣಿ ಏನೂ ಬರಲಿಲ್ಲ. ಸಂಯೋಜಕಿಯ ಫೋನ್ ಬಂತು.

"ಅಷ್ಟು ಸಲೀಸಾಗಿ ಚೆಲ್ಲಿ ಅನ್ನೋಕಾಗುತ್ತಾ ಮೇಡಂ? ಚೆನ್ನಾಗಿರೋದನ್ನೂ ಚೆಲ್ಲಿಬಿಡ್ತಾರಲ್ವಾ?"

"ಹೌದು," ಎಂದೆ. "ಚೆನ್ನಾಗಿರೋದನ್ನೂ ಚೆಲ್ತೀನಿ. ದಿನಾ ಸಂಜೆ."

ಅವಳು, ಆ ಸಾಲು ಹಾಗೇ ಇರಲಿ ಮೇಡಂ ಎಂದಳು.